ಕಮ್ಯುನಿಟಿ ಕಾಲೇಜಿಗೆ ಸೇರುವ ಮುನ್ನ: ಬೇ ಏರಿಯಾಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಸನ್ನಿವೇಲ್, ಸಾಂತಾ ಕ್ಲಾರಾ, ಫ್ರೀಮಾಂಟ್ ಕಡೆಗೆ ಬಂದು ನೆಲೆಸುವ ಕನ್ನಡ ಕುಟುಂಬಗಳಲ್ಲಿ ಸಾಮಾನ್ಯವಾಗಿ ಒಬ್ಬರ ಕೆಲಸ ಮೊದಲೇ ಗೊತ್ತಾಗಿರುತ್ತದೆ; ಊರಿನಲ್ಲಿ ಬಿ.ಕಾಂ. ಅಥವಾ ಬಿ.ಇ. ಮುಗಿಸಿ ನಾಲ್ಕಾರು ವರ್ಷ ದುಡಿದು ಬಂದ ಇನ್ನೊಬ್ಬರು ಮುಂದೇನು ಎಂಬ ಪ್ರಶ್ನೆಯೊಡನೆ ಮನೆಯಲ್ಲಿ ಉಳಿಯುತ್ತಾರೆ. ಇನ್ನೊಂದು ಮಾಸ್ಟರ್ಸ್ ಮಾಡಿಬಿಡಿ ಎಂಬ ಸಲಹೆ ಅವರಿಗೆ ಧಾರಾಳವಾಗಿ ಸಿಗುತ್ತದೆ. ಅಷ್ಟು ದೊಡ್ಡ ಮೊತ್ತಕ್ಕೆ ಕೈಹಾಕುವ ಮೊದಲು ಎರಡು ವರ್ಷದವರೆಗಿನ ಓದು ಮತ್ತು ಉದ್ಯೋಗ ತರಬೇತಿ ಕೊಡುವ ಹತ್ತಿರದ ಕಮ್ಯುನಿಟಿ ಕಾಲೇಜನ್ನು ನೋಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಸಾರ್ವಜನಿಕ ಕಾಲೇಜುಗಳು 116 ಇವೆ. ನಮ್ಮವರು ಹೆಚ್ಚಾಗಿರುವ ಭಾಗದಲ್ಲೇ ಕೂಪರ್ಟಿನೊದ ಡಿ ಆಂಜಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್, ಸಾಂತಾ ಕ್ಲಾರಾದ ಮಿಷನ್, ಫ್ರೀಮಾಂಟಿನ ಓಲೋನಿ ಕಾಲೇಜುಗಳಿವೆ. ಹದಿನೆಂಟು ತುಂಬಿದವರು ಸಾಮಾನ್ಯವಾಗಿ ಯಾವ ಪ್ರವೇಶ ಪರೀಕ್ಷೆಯೂ ಇಲ್ಲದೆ ಸೇರಬಹುದು.

ಅಲ್ಲಿಯ ತರಗತಿಗಳು ಮೂರು ಬಗೆಯವು, ಮತ್ತು ಈ ವ್ಯತ್ಯಾಸ ತಿಳಿಯದೆ ಹಣ ಕಟ್ಟಬಾರದು. ಕ್ರೆಡಿಟ್ ತರಗತಿಯಲ್ಲಿ ಗ್ರೇಡ್ ಸಿಗುತ್ತದೆ, ಓದಿನ ಪ್ರಮಾಣವನ್ನು ಅಳೆಯುವ ಯೂನಿಟ್‌ಗಳು ಕಾಲೇಜಿನ ದಾಖಲೆಯಲ್ಲಿ ಉಳಿಯುತ್ತವೆ. ನಾನ್‌ಕ್ರೆಡಿಟ್ ತರಗತಿಗೆ ಬೋಧನಾ ಶುಲ್ಕವೇ ಇಲ್ಲ. ಇಂಗ್ಲಿಷ್ ಮಾತುಗಾರಿಕೆ, ಪೌರತ್ವ ಪರೀಕ್ಷೆಯ ಸಿದ್ಧತೆ, ಅಲ್ಪಾವಧಿಯ ಉದ್ಯೋಗ ತರಬೇತಿ ಇದರಲ್ಲಿ ಬರುತ್ತವೆ. ಮೂರನೆಯದು ಕಮ್ಯುನಿಟಿ ಎಜುಕೇಶನ್ ಎಂಬ ಹೆಸರಿನಲ್ಲಿ ಕಾಲೇಜು ಪ್ರತ್ಯೇಕ ಶುಲ್ಕ ಪಡೆದು ನಡೆಸುವ ತರಗತಿ. ಕಲಿಕೆ ಚೆನ್ನಾಗಿಯೇ ಇರಬಹುದು, ಆದರೆ ಯೂನಿಟ್ ಸಿಗುವುದಿಲ್ಲ. ಉದ್ಯೋಗದ ಲೈಸೆನ್ಸಿಗೆ ಯೂನಿಟ್ ಬೇಕಾದವರು ಮೂರನೆಯದಕ್ಕೆ ಸೇರಿದರೆ ಮತ್ತೆ ಮೊದಲಿನಿಂದ ಓದಬೇಕಾಗುತ್ತದೆ.

ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಕ್ರೆಡಿಟ್ ತರಗತಿಯ ಶುಲ್ಕ ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್. ಡಿ ಆಂಜಾ ಮತ್ತು ಫುಟ್‌ಹಿಲ್ ಸೆಮಿಸ್ಟರಿಗಿಂತ ಚಿಕ್ಕ ಟರ್ಮುಗಳ ಕ್ವಾರ್ಟರ್ ಪದ್ಧತಿಯಲ್ಲಿ ನಡೆಯುವುದರಿಂದ ಅಲ್ಲಿ ಯೂನಿಟ್ಟಿಗೆ 31 ಡಾಲರ್. ನಿವಾಸಿಯಲ್ಲದವರಿಗೆ ಇದರ ಐದು ಪಟ್ಟಿಗೂ ಹೆಚ್ಚು ಬೀಳುತ್ತದೆ. ನಿವಾಸಿ ಎನಿಸಿಕೊಳ್ಳಲು ಟರ್ಮ್ ಆರಂಭವಾಗುವ ಹೊತ್ತಿಗೆ ರಾಜ್ಯದಲ್ಲಿ ಒಂದು ವರ್ಷ ಮತ್ತು ಒಂದು ದಿನ ವಾಸವಾಗಿರಬೇಕು, ಇಲ್ಲೇ ನೆಲೆಸುವ ಉದ್ದೇಶವನ್ನೂ ಕಾಗದಪತ್ರಗಳಿಂದ ತೋರಿಸಬೇಕು. ಕೆಲಸದ ಎಚ್-1ಬಿ ವೀಸಾದವರ ಅವಲಂಬಿತರಿಗೆ ಸಿಗುವ ಎಚ್-4 ವೀಸಾದವರು ಇದಕ್ಕೆ ಅರ್ಹರು. ಎಫ್-1 (ವಿದ್ಯಾರ್ಥಿ) ಮತ್ತು ಬಿ-2 (ಪ್ರವಾಸಿ) ವೀಸಾದವರು ಅರ್ಹರಲ್ಲ. ಆದ್ದರಿಂದ ಬಂದ ಮೊದಲ ತಿಂಗಳಲ್ಲೇ ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರನ್ನೂ ಹಾಕಿಸಿ, ಬ್ಯಾಂಕ್ ಖಾತೆಯನ್ನು ಜಂಟಿಯಾಗಿ ತೆರೆದು, ಡ್ರೈವಿಂಗ್ ಲೈಸೆನ್ಸನ್ನೂ ಬೇಗ ಮಾಡಿಸಿಕೊಳ್ಳಿ. ಎಲ್ಲವೂ ಗಂಡನ ಹೆಸರಿನಲ್ಲಿದ್ದು, ವರ್ಷ ಕಳೆದ ಮೇಲೆ ಹೆಂಡತಿಯ ವಾಸಕ್ಕೆ ಪುರಾವೆ ಹುಡುಕುವ ಮನೆಗಳು ಕಡಿಮೆಯೇನಲ್ಲ. ಮೊದಲ ವರ್ಷವನ್ನು ನಾನ್‌ಕ್ರೆಡಿಟ್ ತರಗತಿಗಳಲ್ಲಿ ಕಳೆದರೆ ಹಣವೂ ಉಳಿಯುತ್ತದೆ, ಇಲ್ಲಿಯ ಪಾಠದ ಕ್ರಮವೂ ಅಭ್ಯಾಸವಾಗುತ್ತದೆ.

ಕೋರ್ಸು ಆರಿಸುವಾಗ ಕಾಲೇಜಿನ ಪಟ್ಟಿಯಿಂದ ಆರಂಭಿಸಬೇಡಿ; ಬೇಕಾದ ಕೆಲಸಕ್ಕೆ ರಾಜ್ಯ ಏನು ಕೇಳುತ್ತದೆ ಎಂಬುದರಿಂದ ಆರಂಭಿಸಿ. ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಹಿಡಿಯುವ ಪ್ರೀಸ್ಕೂಲ್ ಶಿಕ್ಷಕಿಯ ದಾರಿಯನ್ನೇ ತೆಗೆದುಕೊಳ್ಳಿ. ರಾಜ್ಯದ ಅಸೋಸಿಯೇಟ್ ಟೀಚರ್ ಪರ್ಮಿಟ್ಟಿಗೆ ಶಿಶು ಶಿಕ್ಷಣದಲ್ಲಿ 12 ಸೆಮಿಸ್ಟರ್ ಯೂನಿಟ್ ಬೇಕು, ಜೊತೆಗೆ ಎರಡು ವರ್ಷಗಳೊಳಗೆ ದಿನಕ್ಕೆ ಕನಿಷ್ಠ ಮೂರು ಗಂಟೆಯಂತೆ 50 ದಿನಗಳ ಅನುಭವ ಬೇಕು. ಕ್ವಾರ್ಟರ್ ಕಾಲೇಜಿನಲ್ಲಿ ಓದುವವರಿಗೆ ಆ 12 ಎಂಬುದು 18 ಆಗುತ್ತದೆ. ಒಂದೂವರೆ ಪಟ್ಟಿನ ಈ ಲೆಕ್ಕ ತಿಳಿಯದೆ ಹನ್ನೆರಡಕ್ಕೇ ನಿಲ್ಲಿಸಿದರೆ ಆರು ಯೂನಿಟ್ ಬಾಕಿ ಉಳಿಯುತ್ತದೆ.

ಈ ತರಗತಿಗಳು ಸುಲಭವೆಂಬ ಭಾವನೆ ಸರಿಯಲ್ಲ. ಒಂದು ಮಗುವನ್ನು ಸ್ವಲ್ಪ ಹೊತ್ತು ಗಮನಿಸಿ ಕಂಡದ್ದನ್ನು ಮಾತ್ರ ಬರೆಯಬೇಕೆಂಬ ಅಭ್ಯಾಸ ಪಾಠದಲ್ಲಿ ಮತ್ತೆ ಮತ್ತೆ ಬರುತ್ತದೆ. "ಮಗುವಿಗೆ ಸಿಟ್ಟು ಬಂದಿತು" ಎಂದು ಬರೆದರೆ ಅಂಕವಿಲ್ಲ. ಎಡಗೈಯಲ್ಲಿದ್ದ ಮರದ ಬ್ಲಾಕನ್ನು ನೆಲಕ್ಕೆ ಎಸೆದು, ತುಟಿ ಬಿಗಿದು, ಶಿಕ್ಷಕಿಯ ಕಡೆ ತಿರುಗಿತು ಎಂದು ಬರೆಯಬೇಕು. ಪುಸ್ತಕ ಉರುಹೊಡೆದು ಪರೀಕ್ಷೆ ಬರೆದ ನಮಗೆ ಈ ಶಿಸ್ತು ಹಿಡಿಸಲು ಸ್ವಲ್ಪ ಕಾಲ ಬೇಕಾಗುತ್ತದೆ, ಆದರೆ ಮುಂದೆ ಕೆಲಸದಲ್ಲಿ ಉಪಯೋಗಕ್ಕೆ ಬರುವುದು ಇದೇ.

ಆರೋಗ್ಯ ಕ್ಷೇತ್ರದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ತರಬೇತಿ ಚಿಕ್ಕದು: ಈ ರಾಜ್ಯದ ಕನಿಷ್ಠ ನಿಯಮದಂತೆ 60 ಗಂಟೆ ಪಾಠ, 100 ಗಂಟೆ ರೋಗಿಗಳ ಬಳಿಯ ಅಭ್ಯಾಸ, ಜೊತೆಗೆ ಬೆರಳ ಗುರುತಿನ ತಪಾಸಣೆ. ದೇಹಶ್ರಮ ಬಹಳ, ಯೋಚಿಸಿ ಸೇರಿ. ಬಿ.ಕಾಂ. ಓದಿದವರಿಗೆ ಅಕೌಂಟಿಂಗ್ ಸಹಜವಾದ ದಾರಿ, ಆದರೆ ಮೂರು ವರ್ಷದ ಪದವಿಯನ್ನು ಇಲ್ಲಿಯ ಪದವಿಗೆ ಸಮವೆಂದು ಒಂದು ಮೌಲ್ಯಮಾಪನ ಸಂಸ್ಥೆ ಒಪ್ಪಿ ಇನ್ನೊಂದು ಒಪ್ಪದಿರುವುದುಂಟು. ಯಾವ ಸಂಸ್ಥೆಯ ವರದಿಯನ್ನು ಲೈಸೆನ್ಸ್ ಮಂಡಳಿ ಸ್ವೀಕರಿಸುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಊರಿಗೆ ಹೋದಾಗ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ಮತ್ತು ಘಟಿಕೋತ್ಸವ ಪ್ರಮಾಣಪತ್ರವನ್ನು ತನ್ನಿ. ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತರಿಸುವ ಕೆಲಸವನ್ನೂ ಆಗಲೇ ಆರಂಭಿಸಿ.

ನೋಂದಣಿಯಲ್ಲಿ ಹೊಸ ವಿದ್ಯಾರ್ಥಿಗಳ ಸರದಿ ತಡವಾಗಿ ಬರುವುದರಿಂದ ತರಗತಿ ತುಂಬಿದೆ ಎಂಬ ಉತ್ತರ ಸಿಗಬಹುದು. ಆಗ ವೇಟ್‌ಲಿಸ್ಟಿಗೆ ಹೆಸರು ಸೇರಿಸಿ ಮೊದಲ ದಿನ ತಪ್ಪದೆ ಹೋಗಿ. ಹಾಜರಿ ಕರೆಯುವಾಗ ಬಾರದವರ ಹೆಸರನ್ನು ಅಧ್ಯಾಪಕರು ಸಾಮಾನ್ಯವಾಗಿ ತೆಗೆಯುತ್ತಾರೆ, ಕಾದು ಕುಳಿತವರಿಗೆ ಸೇರ್ಪಡೆಯ ಕೋಡ್ ಕೊಡುತ್ತಾರೆ. ಸೆಮಿಸ್ಟರ್ ಕಾಲೇಜುಗಳು ಆಗಸ್ಟಿನಲ್ಲಿ ಆರಂಭವಾದರೆ ಕ್ವಾರ್ಟರ್ ಕಾಲೇಜುಗಳು ಸೆಪ್ಟೆಂಬರ್ ಕೊನೆಗೆ ಆರಂಭವಾಗುತ್ತವೆ. ಒಂದು ತಪ್ಪಿದರೆ ಇನ್ನೊಂದಿದೆ.

ಎಚ್-4ರಲ್ಲಿ ಓದಲು ಅಡ್ಡಿಯಿಲ್ಲ, ದುಡಿಯಲು ಇಎಡಿ ಎಂಬ ಕೆಲಸದ ಅನುಮತಿ ಪತ್ರ ಬೇಕು. ಸಂಬಳವಿರುವ ಹುದ್ದೆಯ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಟ್ಟರೂ ವೀಸಾಕ್ಕೆ ತೊಡಕಾಗಬಹುದಾದ್ದರಿಂದ ಇಂಟರ್ನ್‌ಶಿಪ್ ಒಪ್ಪುವ ಮುನ್ನ ವಕೀಲರನ್ನು ಕೇಳಿ. ತರಬೇತಿ ಕೊಟ್ಟು ಕೆಲಸವನ್ನೂ ಕೊಡಿಸುತ್ತೇವೆಂದು ಸಾವಿರಾರು ಡಾಲರ್ ಪಡೆದು, ಮಾಡದ ಕೆಲಸದ ಅನುಭವವನ್ನು ರೆಸ್ಯೂಮೆಯಲ್ಲಿ ಬರೆಸುವ ಕನ್ಸಲ್ಟೆನ್ಸಿಗಳಿಂದ ದೂರವಿರಿ. ಅವರು ನಮ್ಮ ಭಾಷೆಯಲ್ಲೇ ಮಾತನಾಡಿದರೂ ಸರಿ. ಸುಳ್ಳು ಅನುಭವ ಮುಂದೆ ಗ್ರೀನ್ ಕಾರ್ಡಿನ ಕಡತದಲ್ಲಿ ಎದುರಾಗುತ್ತದೆ.

ಕಟ್ಟಿದ ಶುಲ್ಕದ ಶೇ. 20ರಷ್ಟನ್ನು, ಗರಿಷ್ಠ 2,000 ಡಾಲರ್‌ವರೆಗೆ, ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಎಂಬ ರಿಯಾಯಿತಿಯ ಮೂಲಕ ಕೇಂದ್ರ ಸರ್ಕಾರದ ತೆರಿಗೆಯಲ್ಲಿ ಕಳೆಯಬಹುದು. ಜಂಟಿ ಆದಾಯ 1,80,000 ಡಾಲರ್ ತಲುಪಿದವರಿಗೆ ಇದು ಸಿಗುವುದಿಲ್ಲ, ಮತ್ತು ಈ ಕಣಿವೆಯಲ್ಲಿ ಇಬ್ಬರೂ ದುಡಿಯತೊಡಗಿದ ಬಹುಪಾಲು ಮನೆಗಳು ಆ ಗೆರೆಯನ್ನು ದಾಟಿರುತ್ತವೆ. ಒಬ್ಬರ ಸಂಬಳದಲ್ಲಿ ಸಂಸಾರ ನಡೆಯುತ್ತಿರುವ ವರ್ಷಗಳಲ್ಲೇ ಕಟ್ಟಿದ ಶುಲ್ಕಕ್ಕೆ ಕಾಲೇಜು ಕೊಡುವ 1098-ಟಿ ಫಾರಂ ತೆಗೆದಿಟ್ಟು ತೆರಿಗೆ ಸಲ್ಲಿಸುವಾಗ ಬಳಸಿಕೊಳ್ಳಿ.