ಬಾರದವರ ಪುಸ್ತಕ: ಒಬ್ಬ ಸಭಾಪಾಲಕನ ಅನುಭವ

ನಮ್ಮ ಕ್ರೈಸ್ತ ಸಭೆಯಲ್ಲಿ ಭಾನುವಾರದ ಆರಾಧನೆಯ ಹಾಜರಿ ಎಣಿಸುವುದನ್ನು ನಿಲ್ಲಿಸಿ, ಬಾರದವರ ಹೆಸರು ಬರೆಯುವ ಪುಸ್ತಕವನ್ನು ಇಡಲಾರಂಭಿಸಿ ಏಳು ವರ್ಷಗಳಾದವು. ಮೊದಲ ದಿನವೇ ಸಭಾ ಸಮಿತಿಯ ಹಿರಿಯರೊಬ್ಬರು, “ಅಯ್ಯನವರೇ, ಇದು ಮೂರು ತಿಂಗಳ ಉತ್ಸಾಹ” ಎಂದಿದ್ದರು. ಖಜಾಂಚಿಯವರು ಅಷ್ಟನ್ನೂ ಹೇಳದೆ ನಕ್ಕು ಸುಮ್ಮನಾಗಿದ್ದರು. ಈಗ ಕೆಲವು ಸಹಸೇವಕರು ಹೇಗೆ ಮಾಡಿದಿರಿ ಎಂದು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ಸಭೆಯೆಂದರೆ ಕಟ್ಟಡವಲ್ಲ ಎಂಬ ಪ್ರಸಂಗವನ್ನು ನಾವೆಲ್ಲರೂ ಬೇಕಾದಷ್ಟು ಸಲ ಮಾಡಿದವರೇ ಆದ್ದರಿಂದ ಅದನ್ನು ಇಲ್ಲಿ ಮತ್ತೆ ಮಾಡುವುದಿಲ್ಲ.

ಇದಕ್ಕೆಲ್ಲ ಕಾರಣವಾದದ್ದು ಒಂದು ನಾಚಿಕೆಯ ಸಂಗತಿ. ನಾಲ್ಕನೆಯ ಬೆಂಚಿನ ಕೊನೆಯಲ್ಲಿ ಕೂರುತ್ತಿದ್ದ ವೃದ್ಧೆಯೊಬ್ಬರು ಸುಮಾರು ಐದು ವಾರ ಹಾಸಿಗೆ ಹಿಡಿದಿದ್ದರೂ ನಮಗೆ ತಿಳಿದಿರಲಿಲ್ಲ. ಆ ಐದೂ ಭಾನುವಾರ ನಾವು ತಲೆ ಎಣಿಸಿ, ಇನ್ನೂರರ ಆಸುಪಾಸಿನ ಸಂಖ್ಯೆಯನ್ನು ಫಲಕದ ಮೇಲೆ ಬರೆದು, ಸಂತೋಷಪಟ್ಟಿದ್ದೆವು. ಅವರು ಚೇತರಿಸಿಕೊಂಡು ಬಂದ ದಿನ ನನ್ನ ಕೈಹಿಡಿದು, “ನಾನು ಬರಲಿಲ್ಲವೆಂದು ನಿಮಗೆ ಗೊತ್ತಾಯಿತೇ?” ಎಂದು ಕೇಳಿದರು. ಅದರಲ್ಲಿ ಆಕ್ಷೇಪಣೆಯಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದರು.

ಮೊದಲು ಎಂಟು ಮನೆ ಕೂಟಗಳನ್ನು ಮಾಡಿ, ಒಂದೊಂದಕ್ಕೂ ಇಪ್ಪತ್ತೈದು ಮಂದಿಯನ್ನು ಹಂಚಿದೆ. ಆರು ತಿಂಗಳೊಳಗೆ ಅವೆಲ್ಲವೂ ಭಾನುವಾರದ ಆರಾಧನೆಯ ಮರಿಗಳಾದವು: ಅವೇ ಕೀರ್ತನೆಗಳು, ಪ್ರಾರ್ಥಿಸಲು ಏಳುತ್ತಿದ್ದ ಅವೇ ಇಬ್ಬರು, ಅರ್ಧ ಗಂಟೆಯ ಪ್ರಸಂಗ. ಅನಂತರ ಪ್ರಾರ್ಥನೆಯ ಕೋರಿಕೆಗಳಿಗಾಗಿ ವಾಟ್ಸಾಪ್ ಗುಂಪು ತೆರೆದೆವು. ಶಸ್ತ್ರಚಿಕಿತ್ಸೆಗೆ ಹೋಗುತ್ತಿದ್ದವರೊಬ್ಬರ ಕೋರಿಕೆಯು ಅರವತ್ತಕ್ಕೂ ಹೆಚ್ಚು ಶುಭೋದಯಗಳ ಕೆಳಗೆ ಹೂತುಹೋದ ದಿನ ಅದನ್ನು ನಾನೇ ಮುಚ್ಚಿದೆ.

ಕೊನೆಗೆ ಹನ್ನೆರಡು ಮಂದಿಯ ಚಿಕ್ಕ ಗುಂಪುಗಳನ್ನು ಮಾಡಿದೆ. ಹನ್ನೆರಡು ಎಂಬ ಸಂಖ್ಯೆಯನ್ನು ಮೆಥೊಡಿಸ್ಟರೆಂಬ ಕ್ರೈಸ್ತ ಪಂಗಡದವರಿಂದ ಎರವಲು ಪಡೆದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಭಾಗೃಹದ ಸಾಲ ತೀರಿಸಲು ಅವರ ನಾಯಕ ಜಾನ್ ವೆಸ್ಲಿಯವರ ಜನರು ಹನ್ನೆರಡು ಮಂದಿಗೆ ಒಬ್ಬರಂತೆ ನೇಮಿಸಿ, ವಾರಕ್ಕೊಂದು ಪೆನ್ನಿಯನ್ನು ಸಂಗ್ರಹಿಸಲು ಹೊರಟರು. ಹಣಕ್ಕೆಂದು ಮನೆಮನೆಗೆ ಹೋದವರಿಗೆ ಮನೆಯೊಳಗಿನ ಸಂಗತಿಗಳು ಕಂಡವು, ಅಲ್ಲಿಂದ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಚಿಕ್ಕ ಗುಂಪುಗಳಾದ ಅವರ ವರ್ಗಕೂಟಗಳು ಬೆಳೆದವು. ಬಾರದವರನ್ನು ಹುಡುಕುವುದು ಅದಕ್ಕಿಂತಲೂ ಹಳೆಯ ಪದ್ಧತಿ. ಸುಮಾರು ಕ್ರಿ.ಶ. 155ರಲ್ಲಿ ಕ್ರೈಸ್ತ ಲೇಖಕನಾದ ಹುತಾತ್ಮ ಜಸ್ಟಿನನು ರೋಮಿನ ಚಕ್ರವರ್ತಿಗೆ ಸಲ್ಲಿಸಿದ ಕ್ರೈಸ್ತರ ಸಮರ್ಥನೆಯಲ್ಲಿ, ಭಾನುವಾರ ಕೂಡಿಬಾರದವರಿಗೆ ಕರ್ತನ ಭೋಜನದ (ಆರಾಧನೆಯಲ್ಲಿ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸದ) ಪಾಲನ್ನು ಸಭಾಸೇವಕರು ಒಯ್ದು ಕೊಡುತ್ತಿದ್ದರೆಂದು ಬರೆದಿದ್ದಾನೆ.

ಹೀಗೆ ಹದಿನೇಳು ಗುಂಪುಗಳಾದವು, ಗುಂಪಿಗೊಂದು ಪುಸ್ತಕವಾಯಿತು. ಅದರಲ್ಲಿ ಬಂದವರ ಹೆಸರಿರುವುದಿಲ್ಲ. ಬಾರದವರ ಹೆಸರು, ಬುಧವಾರದೊಳಗೆ ಹೋದವರು ಯಾರು, ಏನು ಕಂಡಿತು ಎಂಬ ಮೂರೇ ಅಂಕಣಗಳು. ಒಂದು ನಮೂದು ಹೀಗಿದೆ: “ಎರಡು ವಾರದಿಂದ ಇಲ್ಲ. ಮಂಗಳವಾರ ಇಬ್ಬರು ಹೋದೆವು. ಬಾಗಿಲು ತೆರೆದರು, ಒಳಗೆ ಕರೆಯಲಿಲ್ಲ. ಶುಕ್ರವಾರ ಮತ್ತೆ ಹೋಗುತ್ತೇವೆ.” ಮೂರನೆಯ ಸಲ ಹೋದಾಗ ಒಳಗೆ ಕರೆದರಂತೆ. ಗುಂಪಿನ ನಾಯಕರನ್ನು ಆರಿಸಲು ನಾನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಅದು ಯಾವುದೆಂದು ಇಲ್ಲಿ ಬರೆದರೆ ಎಲ್ಲರೂ ಉತ್ತರವನ್ನು ಸಿದ್ಧಮಾಡಿಕೊಂಡೇ ಬರುವರಾದ್ದರಿಂದ ಅದು ನನ್ನಲ್ಲೇ ಇರಲಿ.

ಹಣದ ವಿಷಯದಲ್ಲಿ ಹೆಚ್ಚು ಪೆಟ್ಟು ತಿಂದೆವು. ಆರಂಭದಲ್ಲಿ ಕಾಣಿಕೆಯ ನೂರರಲ್ಲಿ ಮೂರು ಪಾಲೂ ಕೊರತೆಯಲ್ಲಿರುವವರಿಗೆ ಹೋಗುತ್ತಿರಲಿಲ್ಲ. ಕಟ್ಟಡ, ಸಂಬಳ, ಧ್ವನಿವರ್ಧಕ ಎಲ್ಲವನ್ನೂ ನುಂಗುತ್ತಿದ್ದವು. ಗುಂಪುಗಳಿಗೆ ಒಂದು ನಿಧಿ ಕೊಟ್ಟಾಗ, ಧರ್ಮಕ್ಕೆ ಕೊಟ್ಟರೆ ಪಡೆಯುವವರ ಮಾನಕ್ಕೆ ಕುಂದು ಎಂದೆಣಿಸಿ, ಬಡ್ಡಿಯಿಲ್ಲದ ಸಾಲವಾಗಿ ಕೊಡಿರೆಂದು ನಾನೇ ಸೂಚಿಸಿದೆ. ಆ ಬುದ್ಧಿವಂತಿಕೆಗೆ ತಕ್ಕ ಫಲವೂ ಸಿಕ್ಕಿತು. ನೆನಪಿನಂತೆ ಹದಿನಾಲ್ಕು ಮಂದಿ ಪಡೆದರು, ಐವರು ತೀರಿಸಿದರು, ನಾಲ್ವರು ಮುಖ ತೋರಿಸಲಾರದೆ ಆರಾಧನೆಗೆ ಬರುವುದನ್ನೇ ಬಿಟ್ಟರು. ಅಂದರೆ ಬಾರದವರನ್ನು ನಾವೇ ಹಣ ಕೊಟ್ಟು ಸೃಷ್ಟಿಸಿದ್ದೆವು. ಉಳಿದ ಸಾಲವನ್ನೆಲ್ಲ ಹೊಡೆದುಹಾಕಿದೆವು. ಅಂದಿನಿಂದ ಕೊಟ್ಟದ್ದು ಕೊಟ್ಟದ್ದೇ. ಇಂದು ನೂರರಲ್ಲಿ ಇಪ್ಪತ್ತರಷ್ಟು ಅಲ್ಲಿಗೆ ಹೋಗುತ್ತದೆ, ಖಜಾಂಚಿಯವರು ನಗುವುದನ್ನು ಬಿಟ್ಟಿದ್ದಾರೆ.

ಹಂಚಿಕೆಯಲ್ಲಿ ಪಕ್ಷಪಾತವಿದೆಯೆಂಬ ದೂರು ಬಂದಾಗ ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ ಆರನೆಯ ಅಧ್ಯಾಯವನ್ನು ತೆರೆದು ಕೂತೆ. ಆದಿ ಸಭೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರನ್ನು ದಿನದ ಹಂಚಿಕೆಯಲ್ಲಿ ಕಡೆಗಣಿಸಿದರೆಂಬ ಗುಣುಗುಟ್ಟುವಿಕೆ ಎದ್ದಾಗ ಹಂಚಿಕೆ ನೋಡಿಕೊಳ್ಳಲು ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ನಾವೂ ದೂರಿದವರಲ್ಲೇ ಮೂವರನ್ನು ಆರಿಸಿ ಪೆಟ್ಟಿಗೆಯ ಬೀಗದ ಕೈಯನ್ನು ಕೊಟ್ಟುಬಿಟ್ಟೆವು. ಗದ್ದಲ ಒಂದೇ ತಿಂಗಳಲ್ಲಿ ಅಡಗಿತು.

ಇವುಗಳ ನಡುವೆ, ಒಂದು ವರ್ಷ ವಿಶ್ವಾಸಿಗಳನ್ನು ಅವರ ಕೆಲಸದ ಸ್ಥಳದಲ್ಲೇ, ಊಟದ ಬಿಡುವಿನಲ್ಲಿ, ಕಂಡುಬರುವ ಪ್ರಯೋಗವನ್ನೂ ಮಾಡಿದೆ. ಮೂವತ್ತು ಕಡೆ ಹೋಗಿರಬಹುದು, ಹೆಚ್ಚಿನವು ಕುಶಲ ಮಾತಿನಲ್ಲೇ ಮುಗಿದವು. ಆದರೆ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಒಬ್ಬರು ಊಟದ ಡಬ್ಬಿಯ ಮುಚ್ಚಳವನ್ನು ತೆರೆಯುತ್ತಾ ಮುಚ್ಚುತ್ತಾ, ತಮ್ಮಿಂದ ಸುಳ್ಳು ಬಿಲ್ಲುಗಳಿಗೆ ಸಹಿ ಹಾಕಿಸುತ್ತಿರುವ ಸಂಗತಿಯನ್ನು ಹೇಳಿದರು. ಹಾಕಬೇಡಿ ಎನ್ನುವುದು ನನಗೆ ಸುಲಭವಿತ್ತು, ಏಕೆಂದರೆ ಹೋಗುವ ಸಂಬಳ ನನ್ನದಾಗಿರಲಿಲ್ಲ. ಅವರ ಒಪ್ಪಿಗೆ ಪಡೆದು ಸಂಗತಿಯನ್ನು ಅವರ ಗುಂಪಿನ ಮುಂದಿಟ್ಟೆವು. ಅರ್ಧ ಗಂಟೆ ಯಾರೂ ಬೈಬಲ್ ವಚನ ಹೇಳಲಿಲ್ಲ. ಮನೆಯ ಬಾಡಿಗೆ ಎಷ್ಟು, ಮಕ್ಕಳ ಶುಲ್ಕ ಎಷ್ಟು ಎಂದಷ್ಟೇ ಕೇಳಿ ಕಾಗದದ ಮೇಲೆ ಕೂಡಿಸಿದರು. ಅವರು ಸಹಿ ಹಾಕಲಿಲ್ಲ, ಕೆಲಸ ಹೋಯಿತು, ಬೇರೆ ಕೆಲಸ ಸಿಗುವವರೆಗಿನ ನಾಲ್ಕು ತಿಂಗಳು ಆ ಹನ್ನೊಂದು ಮಂದಿ ಆ ಮನೆಯನ್ನು ನಡೆಸಿದರು. ಇದು ನನ್ನ ಯಾವ ಪ್ರಸಂಗದಿಂದಲೂ ಆದದ್ದಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಗುಂಪನ್ನು ಹನ್ನೆರಡಕ್ಕೆ ಇಳಿಸಿದವನು ನಾನೇ.

ಹದಿನೇಳರಲ್ಲಿ ಮೂರು ಗುಂಪುಗಳು ಈಗಲೂ ಕುಂಟುತ್ತಿವೆ. ಯುವಜನರ ಗುಂಪಿನ ಪುಸ್ತಕ ನಾಲ್ಕು ವಾರಗಳಿಂದ ಖಾಲಿಯಿದೆ: ಎಲ್ಲರೂ ತಪ್ಪದೆ ಬರುತ್ತಿರಬೇಕು, ಇಲ್ಲವೇ ಯಾರೂ ಯಾರನ್ನೂ ನೋಡುತ್ತಿಲ್ಲ. ಈ ಗುರುವಾರ ಹೋಗಿ ಅವರ ನಡುವೆ ಕೂರುವವನಿದ್ದೇನೆ.