ಭದ್ರಾ ಹಿನ್ನೀರಿನಲ್ಲಿ ದೋಣಿ ಸಫಾರಿ: ನನ್ನ ಅನುಭವ

ಅಮೆರಿಕದ ಫ್ಲೋರಿಡಾದಲ್ಲಿ ಸಿಲ್ವರ್ ಸ್ಪ್ರಿಂಗ್ಸ್ ಅಂತ ಒಂದು ಜಾಗ. ತಳಕ್ಕೆ ಗಾಜು ಹಾಕಿದ ದೋಣಿಗಳು ಅಲ್ಲಿ 1870ರ ದಶಕದಿಂದಲೂ ಓಡುತ್ತಿವೆ. ಸುಣ್ಣಕಲ್ಲಿನೊಳಗಿಂದ ಉಕ್ಕಿ ಬರುವ ನೀರು, ತಳದವರೆಗೂ ತಿಳಿ. ಅದರ ವಿಡಿಯೊ ನೋಡಿ ನಮ್ಮ ಅಕ್ಕನ ಮಗಳು ಅಂಥದ್ದೇ ದೋಣಿ ಬೇಕು ಅಂತ ಹಟ ಹಿಡಿದಳು. ನಮ್ಮ ಹಿನ್ನೀರಿಗೆ ಅದನ್ನು ಇಳಿಸಿದರೆ ಗಾಜಿನಲ್ಲಿ ಕಾಣುವುದು ಬರೀ ಹಸಿರು. ಹಾಗಾಗಿ ಅವಳನ್ನು ಭದ್ರಾ ಅಣೆಕಟ್ಟೆ ಇರುವ ಲಕ್ಕವಳ್ಳಿಗೆ ಕರೆದುಕೊಂಡು ಹೋದೆ. ಇಲ್ಲಿ ನೀರಿನೊಳಗಿನ ವ್ಯವಹಾರವನ್ನು ನೀರಿನ ಮೇಲಿಂದಲೇ ಓದಬೇಕು.

ಲಕ್ಕವಳ್ಳಿ ಇರುವುದು ತರೀಕೆರೆ ತಾಲ್ಲೂಕಿನಲ್ಲಿ. ಭದ್ರಾ ಅಣೆಕಟ್ಟೆಯ ಪೂರ್ಣ ಮಟ್ಟ 186 ಅಡಿ. ಹೊರಡುವ ಮುಂಚೆ ನಾನು ಪೇಪರಿನಲ್ಲಿ ಇವತ್ತಿನ ಮಟ್ಟ ಎಷ್ಟು ಅಂತ ನೋಡುತ್ತೇನೆ. ಡ್ಯಾಂ ತುಂಬಿದಾಗ ಫೋಟೊ ಚೆನ್ನಾಗಿ ಬರುತ್ತದೆ, ನಿಜ. ಆದರೆ ಹಕ್ಕಿ ಜಾಸ್ತಿ ಸಿಗುವುದು ಬೇಸಿಗೆಯಲ್ಲೇ. ನಾಲೆಗೆ ನೀರು ಬಿಟ್ಟಂತೆಲ್ಲ ಮಟ್ಟ ಇಳಿದು ಬೋಳು ನಡುಗಡ್ಡೆಗಳು ಮೇಲೇಳುತ್ತವೆ. ಅಲ್ಲಿಗೆ ರಿವರ್ ಟರ್ನ್ ಅನ್ನುವ ಹಕ್ಕಿಗಳು ದಂಡುಗಟ್ಟಿ ಬಂದು ಮೊಟ್ಟೆ ಇಡುತ್ತವೆ. ಗೂಡು ಅಂತ ಕಟ್ಟುವುದೇನೂ ಇಲ್ಲ, ನೆಲದಲ್ಲೊಂದು ಸಣ್ಣ ಗುಳಿ ಅಷ್ಟೆ. ಮುಂಗಾರು ಹಿಡಿದು ನೀರು ಏರುವುದರೊಳಗೆ ಮರಿಗೆ ರೆಕ್ಕೆ ಬಲಿಯಬೇಕು.

ಜಂಗಲ್ ಲಾಡ್ಜಸ್‌ನವರ ರಿವರ್ ಟರ್ನ್ ಲಾಡ್ಜ್‌ನಲ್ಲಿ ಉಳಿದು ಸಂಜೆಯ ದೋಣಿ ಹಿಡಿದೆವು. ಲೈಫ್ ಜಾಕೆಟ್ ಹಾಕಿಸಿದರು. ಎಲ್ಲರೂ ಮುಂದಿನ ಸೀಟಿಗೆ ಮುಗಿಬಿದ್ದರು, ನಾವು ಗೈಡ್ ಪಕ್ಕ ಕೂತೆವು. ಅವರು ಮೆಲ್ಲಗೆ ಹೇಳುವ ಮಾತು ಮುಂದಿನವರಿಗೆ ಕೇಳಿಸುವುದಿಲ್ಲ. ಇನ್ನೊಂದು ಉಪಾಯ, ಪೋಲರೈಸ್ಡ್ ಕನ್ನಡಕ. ನೀರಿನ ಮೇಲಿನ ಥಳಥಳ ಕಡಿಮೆಯಾಗಿ, ದಡದ ಹತ್ತಿರ ಮೀನುಮರಿಗಳ ಓಡಾಟ ಕಂಡಿತು.

ನೀರಲ್ಲಿ ಮುಳುಗಿ ಒಣಗಿದ ಮರಗಳ ಹತ್ತಿರ ಎಂಜಿನ್ ಆಫ್ ಮಾಡಿದರು. ಹಾವಿನಂತೆ ಒಂದು ಕತ್ತು ಮಾತ್ರ ನೀರಿನಿಂದ ಎದ್ದಿತ್ತು.

"ಮಾಮ, ಹಾವು!"

"ಸುಮ್ನಿರು ಪುಟ್ಟೀ, ಅದು ಹಾವಕ್ಕಿ. ಈಗ ಮುಳುಗುತ್ತೆ, ನೋಡ್ತಾ ಇರು" ಅಂದರು ಗೈಡ್.

ಮುಳುಗಿತು. ಎದ್ದಾಗ ಕೊಕ್ಕಿನ ತುದಿಗೆ ಮೀನು ಚುಚ್ಚಿಕೊಂಡಿತ್ತು. ಅದನ್ನು ಮೇಲಕ್ಕೆ ಚಿಮ್ಮಿಸಿ, ತಲೆ ಕಡೆಯಿಂದ ಹಿಡಿದು ನುಂಗಿತು. ಕತ್ತಿನೊಳಗೆ ಉಬ್ಬು ಇಳಿಯುವುದೂ ಕಾಣುತ್ತಿತ್ತು. ಆಮೇಲೆ ಒಣಮರ ಹತ್ತಿ ರೆಕ್ಕೆ ಹರಡಿ ಕೂತಿತು. ಅದರ ಗರಿ ಬಾತುಕೋಳಿಯದರಂತಲ್ಲ, ನೀರು ಕುಡಿದು ಭಾರವಾಗುತ್ತದೆ. ಮುಳುಗುವುದಕ್ಕೆ ಅದೇ ಅನುಕೂಲ, ಆದರೆ ಆಮೇಲೆ ಒಣಗಿಸಿಕೊಳ್ಳಲೇಬೇಕು.

ನೀರುನಾಯಿ ಇವೆ, ಮೊಸಳೆಯೂ ಇದೆ. ನಮಗೆ ನೀರುನಾಯಿಯ ತಲೆ ಎರಡು ಸಲ ಕಂಡು ಮಾಯವಾಯಿತು, ಮೊಸಳೆ ಸಿಗಲಿಲ್ಲ. ಕಂಡೇ ಕಾಣುತ್ತದೆ ಅಂತ ಮಾತು ಕೊಡುವ ಗೈಡ್‌ನನ್ನು ನಾನಂತೂ ನಂಬುವುದಿಲ್ಲ.

ಮೀನನ್ನೇ ನೋಡಬೇಕು ಅನ್ನುವವರಿಗೆ ದೋಣಿಯೇ ಬೇಡ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತರೆ ಸಾಕು. ಅಲ್ಲಿ ಯಾರೂ ಮೀನು ಹಿಡಿಯುವುದಿಲ್ಲ, ಹಾಗಾಗಿ ದೊಡ್ಡ ದೊಡ್ಡ ಮೀನುಗಳು ಕಾಲ ಹತ್ತಿರವೇ ಬರುತ್ತವೆ. ಮಳೆಗಾಲದಲ್ಲಿ ಹೋಗಬೇಡಿ, ನೀರು ಕೆಂಪಾಗಿರುತ್ತದೆ. ಚಳಿಗಾಲದಲ್ಲಿ, ಬಿಸಿಲು ನೆತ್ತಿಗೆ ಬಂದಾಗ ಹೋಗಿ, ಬೆಳಕು ಆಳಕ್ಕೆ ಇಳಿಯುತ್ತದೆ. ಮಠದ ಊಟದ ಹೊತ್ತೂ ಹೆಚ್ಚುಕಡಿಮೆ ಅದೇ.