ರೇಷನ್ ಕಾರ್ಡಲ್ಲಿ ಐದು ಹೆಸರು, ಹೆಬ್ಬೆಟ್ಟು ನಾಲ್ಕೇ

ನಾನು ಮಳವಳ್ಳಿ ತಾಲ್ಲೂಕಿನ ಒಂದು ಪಂಚಾಯ್ತಿಲಿ ವಿಆರ್‌ಡಬ್ಲ್ಯು, ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ನನಗೂ ಚಿಕ್ಕೋಳಿದ್ದಾಗ ಪೋಲಿಯೋ ಆಗಿ ಒಂದು ಕಾಲು ಸೋತಿದೆ, ಸೈಡ್ ವೀಲ್ ಸ್ಕೂಟಿಲೇ ಓಡಾಟ. ಊರೂರಲ್ಲಿ ವಿಶೇಷಚೇತನರನ್ನ ಗುರುತಿಸಿ ಯುಡಿಐಡಿ ಅನ್ನೋ ವಿಶೇಷಚೇತನರ ಗುರುತಿನ ಕಾರ್ಡು, ಪೆನ್ಷನ್ನು, ಬಸ್ ಪಾಸು ಮಾಡಿಸಿಕೊಡೋದು ನಮ್ಮ ಕೆಲಸ. 2016ರ ಕಾಯ್ದೆಲಿ 21 ಥರ ಅಂಗವೈಕಲ್ಯ ಬರ್ಕೊಂಡಿದ್ದಾರೆ, ಮಾನಸಿಕ ಕಾಯಿಲೆನೂ ಅದ್ರಲ್ಲಿ ಒಂದು. ಸರ್ವೆಗೆ ಹೋದ್ರೆ ಕಾಲಿಲ್ದೋರು, ಕಣ್ಣು ಕಾಣದೋರು, ಕಿವಿ ಕೇಳದೋರು ಎಲ್ಲಾ ಸಿಗ್ತಾರೆ, ಮಾನಸಿಕ ಕಾಯಿಲೆಯೋರು ಮಾತ್ರ ಯಾವ ಮನೇಲೂ ಇರಲ್ಲ! ನಿಮ್ಹಾನ್ಸ್‌ನೋರು 2015-16ರಲ್ಲಿ 12 ರಾಜ್ಯ ಸುತ್ತಿ ಮಾಡಿದ ಸರ್ವೆಲಿ ದೊಡ್ಡೋರಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದ್ರೆ ಇದೆ ಅಂತ ಬಂತು, ನಮ್ ಫಾರಂಲಿ ನೋಡಿದ್ರೆ ಆ ಕಾಲಂ ಖಾಲಿ.

ದಾರಿ ಸಿಕ್ಕಿದ್ದು ನ್ಯಾಯಬೆಲೆ ಅಂಗಡಿಲಿ. ಇ-ಕೆವೈಸಿಗೆ ಕಾರ್ಡಲ್ಲಿರೋ ಎಲ್ರೂ ಬಂದು ಹೆಬ್ಬೆಟ್ಟು ಒತ್ತಬೇಕು ಅಂತ ರೂಲ್ಸ್ ಬಂದಾಗ ಕೆಲವು ಮನೆಯೋರು ಐದು ಹೆಸರಿಗೆ ನಾಲ್ಕೇ ಜನ ಬಂದು, ಇನ್ನೊಬ್ರು ಎಲ್ಲಿ ಅಂದ್ರೆ "ಬೆಂಗ್ಳೂರಲ್ಲವ್ನೆ" ಅಂದ್ಬಿಟ್ಟು ಹೋಗೋರು. ಅಂಗಡಿಯೋನಿಗೂ ಗೊತ್ತು, ಕ್ಯೂಲಿ ನಿಂತೋರಿಗೂ ಗೊತ್ತು, ಅವನು ಬೆಂಗ್ಳೂರಲ್ಲಿಲ್ಲ, ಹಿತ್ಲು ಕೋಣೇಲವ್ನೆ ಅಂತ. ನಾನು ಆ ಮನೆಗಳ ಹೆಸರು ಮನಸಲ್ಲೇ ಇಟ್ಕೊಂಡೆ. ಆಮೇಲೆ ಆಶಾ ಅಕ್ಕಂದ್ರು, ಡೇರಿ ಸೆಕ್ರೆಟ್ರಿ ಹೇಳಿದ್ದೂ ಸೇರಿಸಿದ್ರೆ ಪಟ್ಟಿ ತಾನಾಗೇ ಆಯ್ತು.

ಮನೆಗೆ ಹೋದಾಗ ಫೈಲು ಸ್ಕೂಟಿ ಡಿಕ್ಕಿಲೇ ಬಿಡ್ತೀನಿ. ಜಗಲಿ ಮೇಲೆ ಕೂತು ಕಬ್ಬಿಗೆ ಕಟಿಂಗ್ ಆರ್ಡರ್ ಬಂತಾ, ನಾಲೇಲಿ ನೀರು ಬಿಟ್ರಾ ಅಂತ ಶುರು ಮಾಡೋದು, ಸುಮಾರು ಹೊತ್ತಾದ್ಮೇಲೆ "ಮಗ ರಾತ್ರಿ ನಿದ್ದೆ ಮಾಡ್ತನಾ ಅವ್ವ" ಅಂತ ಕೇಳೋದು. ಹುಚ್ಚು, ಕಾಯಿಲೆ, ಡಾಕ್ಟ್ರು ಯಾವುದೂ ಮೊದಲನೇ ದಿನ ಬಾಯಿಗೆ ಬರಬಾರ್ದು. ನಿದ್ದೆ ಅಂತ ಕೇಳಿದ್ರೆ ತಾಯಂದ್ರು ತಡ್ಕೊಳಲ್ಲ. ಒಬ್ರು ಅಜ್ಜಿ ನನ್ ಕೈ ಹಿಡ್ಕೊಂಡು "ಮಲಗಿ ಯಾವ ಕಾಲ ಆಯ್ತೋ ಕಣವ್ವ, ಅವ್ನು ಗೋಡೆ ಜೊತೆ ಮಾತಾಡ್ತನೆ, ನಾನು ಬಾಗ್ಲಿಗೆ ಅಡ್ಡ ಮಲಿಕೊಂಡಿರ್ತೀನಿ" ಅಂದ್ರು. ಕಾಲಿಗೆ ಹಗ್ಗ ಕಟ್ಟಿದ್ರು, ಅದನ್ನ ನನಗೆ ಕಾಣದ ಹಾಗೆ ಕಂಬಳಿ ಮುಚ್ಚಿದ್ರು.

ಕಟ್ಟಿ ಹಾಕೋರನ್ನ ಬೈಯೋದು ಸುಲಭ. ಆ ಅಜ್ಜಿ ಕಟ್ಟಿದ್ದು ಅವನು ರಾತ್ರಿ ಎದ್ದು ನಾಲೆ ಕಡೆ ಹೋಗ್ತಾನೆ ಅಂತ. 2001ರ ಆಗಸ್ಟಲ್ಲಿ ತಮಿಳ್ನಾಡಿನ ಎರ್ವಾಡಿಲಿ ಬೆಂಕಿ ಬಿದ್ದಾಗ ಸರಪಳಿ ಹಾಕಿದ್ದೋರು ಓಡೋಕಾಗದೆ 28 ಜನ ಸತ್ತೋದ್ರು, 2017ರ ಮಾನಸಿಕ ಆರೋಗ್ಯ ಕಾಯ್ದೆಲಿ ಯಾರನ್ನೂ ಸರಪಳಿಲಿ ಕಟ್ಟಂಗಿಲ್ಲ ಅಂತ ನೇರವಾಗೇ ಇದೆ. ಇದೆಲ್ಲಾ ನಾನು ಹೇಳ್ತೀನಿ, ಆದ್ರೆ ಮಂಗಳವಾರ ಆಸ್ಪತ್ರೆಗೆ ಹೋಗಿ ಬಂದು, ಮಾತ್ರೆ ಶುರುವಾಗಿ, ಮನೆಯೋರು ಒಂದು ರಾತ್ರಿ ನಿದ್ದೆ ಮಾಡಿದ್ಮೇಲೆ ಹೇಳ್ತೀನಿ. ಅಷ್ಟೊತ್ತಿಗೆ ಹಗ್ಗ ತಾನೇ ಬಿಚ್ಚಿರುತ್ತೆ, ಬಹಳ ಕಡೆ.

ಮಂಗಳವಾರ ಅಂದ್ರೆ ಮನೋಚೈತನ್ಯ ಕ್ಲಿನಿಕ್ಕು. 2014ರಿಂದ ನಮ್ ರಾಜ್ಯದಲ್ಲಿದೆ, ತಾಲ್ಲೂಕು ಆಸ್ಪತ್ರೆಗೇ ಮಾನಸಿಕ ತಜ್ಞರು ಬರ್ತಾರೆ. ಊರೋರಿಗೆ ಮಂಡ್ಯ, ಮೈಸೂರು ಕೆ.ಆರ್. ಆಸ್ಪತ್ರೆ, ಬೆಂಗಳೂರು ನಿಮ್ಹಾನ್ಸ್ ಗೊತ್ತು, ಪಕ್ಕದಲ್ಲೇ ಇರೋ ನಮ್ ತಾಲ್ಲೂಕು ಆಸ್ಪತ್ರೆಲಿ ಸಿಗುತ್ತೆ ಅನ್ನೋದೇ ಗೊತ್ತಿಲ್ಲ. ದೇವಸ್ಥಾನ, ತಾಯತ, ಮಂತ್ರ ಹಾಕ್ಸೋದು, ಇದಕ್ಕೆ ನಾನು ಅಡ್ಡ ಬರಲ್ಲ. ಸೋಮವಾರ ಮಾದಪ್ಪನಿಗೆ ಹೋಗ್ಬನ್ನಿ, ಮಂಗಳವಾರ ನನ್ ಜೊತೆ ಬನ್ನಿ ಅಂತೀನಿ. ತಾಯತ ಕಟ್ಟಿರೋ ತೋಳಿಗೇ ಸಿಸ್ಟರ್ ಬಿಪಿ ಪಟ್ಟಿ ಸುತ್ತುತಾರೆ, ಯಾರಿಗೂ ಏನೂ ಆಗಿಲ್ಲ.

ನಿಜವಾದ ಕಷ್ಟ ಮಾತ್ರೆ ಶುರುವಾದ್ಮೇಲೆ. ಮೊದಮೊದಲು ಬರೀ ಮಂಪರು, ಆಮೇಲೆ ಕೆಲವರಿಗೆ ಕೈ ನಡುಗೋದು, ಮೈ ಬಿಗಿಯೋದು, ಇನ್ನು ಕೆಲವರಿಗೆ ಸಿಕ್ಕಾಪಟ್ಟೆ ಹಸಿವಾಗಿ ದಪ್ಪ ಆಗೋದು. ಗುಣ ಕಾಣೋಕೆ ವಾರಗಳೇ ಬೇಕು, ಅಷ್ಟರಲ್ಲಿ ಪಕ್ಕದ್ಮನೆಯೋರು "ಹುಡುಗ್ನ ಮಂಕು ಮಾಡ್ಬುಟ್ರು" ಅಂತ ಶುರು ಮಾಡಿರ್ತಾರೆ. ಅದಕ್ಕೇ ಮೊದಲೇ ಹೇಳಿಬಿಡ್ತೀನಿ, ಹಿಂಗಿಂಗೆಲ್ಲಾ ಆಗಬಹುದು, ಆದ್ರೆ ನಿಲ್ಲಿಸಬೇಡಿ, ನನಗೆ ಫೋನ್ ಮಾಡಿ, ಡಾಕ್ಟ್ರು ಡೋಸು ಸರಿ ಮಾಡ್ತಾರೆ ಅಂತ. ಮಾತ್ರೆ ನುಂಗದೆ ಉಗಿಯೋರಿಗೆ ಎರಡರಿಂದ ನಾಲ್ಕು ವಾರಕ್ಕೊಂದು ಹಾಕೋ ಇಂಜೆಕ್ಷನ್ನೂ ಇದೆ, ಕೇಳಬೇಕು ಅಷ್ಟೆ. ಇನ್ನೊಂದು, ಹುಷಾರಾದ ಮೇಲೆ ಮಾತ್ರೆ ಯಾಕೆ ಅನ್ನೋದು. ಸಕ್ಕರೆ ಕಾಯಿಲೆಯೋರು ಶುಗರ್ ಕಮ್ಮಿ ಬಂತು ಅಂತ ಮಾತ್ರೆ ಬಿಟ್ರೆ ಏನಾಗುತ್ತೆ ಅಂತ ಕೇಳಿದ್ರೆ ಅರ್ಥ ಆಗುತ್ತೆ, ಯಾಕಂದ್ರೆ ಈಗ ಎಲ್ಲಾ ಮನೇಲೂ ಒಬ್ರು ಶುಗರ್‌ನೋರು ಇದ್ದೇ ಇರ್ತಾರೆ.

ಮದ್ವೆ ಮಾಡಿದ್ರೆ ಸರಿ ಹೋಯ್ತನೆ ಅನ್ನೋ ಮಾತು ಕೇಳಿದ್ರೆ ಮಾತ್ರ ನನಗೆ ಸಿಟ್ಟು ನೆತ್ತಿಗೇರುತ್ತೆ. ಗಂಡು ಮಕ್ಕಳಿಗೆ ಮುಚ್ಚಿಟ್ಟು ಮದ್ವೆ ಮಾಡ್ತಾರೆ, ಬಂದೋಳು ಕಂಡೋರ ಮನೆ ಮಗು, ಅವಳ ಗತಿ ಯಾರಿಗೂ ಬೇಡ. ಅದೇ ಸೊಸೆಗೆ ಕಾಯಿಲೆ ಬಂದ್ರೆ ಬಾಣಂತನಕ್ಕೆ ಅಂತ ತವರಿಗೆ ಬಿಟ್ಟು ಹೋದೋರು ವಾಪಸ್ ಕರ್ಕೊಂಡು ಹೋಗಲ್ಲ.

ತಿಂಗಳಿಗೊಂದು ದಿನ ಮನೆಯೋರನ್ನೆಲ್ಲಾ ಸೇರಿಸೋಣ ಅಂತ ಅರಳಿಕಟ್ಟೆ ಹತ್ರ ಕರೆದ್ರೆ ಒಬ್ರೂ ಬರಲಿಲ್ಲ. ಬಂದ್ರೆ ಯಾರ ಮನೇದು ಅಂತ ಊರಿಗೇ ಗೊತ್ತಾಗುತ್ತಲ್ಲ. ಆಮೇಲೆ ಪೆನ್ಷನ್ ಅರ್ಜಿ ತುಂಬೋ ದಿನ ಅಂತ ಪಂಚಾಯ್ತಿ ಆಫೀಸಲ್ಲೇ ಇಟ್ಕೊಂಡ್ವಿ, ವೃದ್ಧಾಪ್ಯ ವೇತನದೋರು, ವಿಧವಾ ವೇತನದೋರು, ಇವರು ಎಲ್ಲಾ ಒಟ್ಟಿಗೆ, ಯಾರು ಯಾತಕ್ಕೆ ಬಂದ್ರು ಅಂತ ಯಾರಿಗೂ ಗೊತ್ತಾಗಲ್ಲ. ಕೊನೇಲಿ ಇವರಷ್ಟೇ ಉಳ್ಕೊಂತಾರೆ, ಟೀ ಬರುತ್ತೆ, ಮಾತು ಶುರು. ಡಾಕ್ಟ್ರು ಹೇಳಿದ್ರೂ ಕೇಳದ ಒಬ್ರು ಅಪ್ಪ, ಇನ್ನೊಂದೂರಿನ ಹೆಂಗಸು "ನಮ್ಮೋನೂ ಹಂಗೇ ಇದ್ದ ಕಣಣ್ಣ, ಈಗ ಹಸ ಮೇಯಿಸ್ಕೊಂಡು ಬತ್ತನೆ" ಅಂದಿದ್ದಕ್ಕೆ ಮುಂದಿನ ಮಂಗಳವಾರನೇ ಮಗನ್ನ ಕರ್ಕೊಂಡು ಬಂದ್ರು.

ಯುಡಿಐಡಿ ಕಾರ್ಡಿಗೆ ನಾನು ಯಾರನ್ನೂ ಬಲವಂತ ಮಾಡಲ್ಲ. ಅಂಗವೈಕಲ್ಯ ಶೇಕಡ 40 ಇಲ್ಲಾ ಅದಕ್ಕಿಂತ ಜಾಸ್ತಿ ಅಂತ ಬಂದ್ರೆ ಸೌಲಭ್ಯ ಸಿಗುತ್ತೆ ನಿಜ, ಆದ್ರೆ ಕಾರ್ಡ್ ಮೇಲೆ ಮಾನಸಿಕ ಕಾಯಿಲೆ ಅಂತ ಪ್ರಿಂಟ್ ಆಗಿರುತ್ತೆ, ತಂಗಿ ಮದ್ವೆ ಆಗಲಿ ಆಮೇಲೆ ನೋಡೋಣ ಅಂತಾರೆ. ಮೇಲಿನೋರು ಟಾರ್ಗೆಟ್ ಕೇಳ್ತಾರೆ, ಕೇಳ್ಲಿ. ಮಾತ್ರೆ ತಪ್ಪದಿದ್ರೆ ನನಗೆ ಸಾಕು.

ಊರಿನ ಬಾಯಿ ಮುಚ್ಚಿಸಿದ್ದು ಜಾಥಾನೂ ಅಲ್ಲ, ಬ್ಯಾನರ್ರೂ ಅಲ್ಲ. ವಿಶ್ವ ಮಾನಸಿಕ ಆರೋಗ್ಯ ದಿನ ಅಂತ ಅಕ್ಟೋಬರ್ 10ಕ್ಕೆ ಮಕ್ಕಳನ್ನ ಬಿಸಿಲಲ್ಲಿ ನಡೆಸಿದ್ವಿ, ಮಾರನೇ ದಿನ ಅದೇ ಮಕ್ಕಳು "ಏ ಮೆಂಟ್ಲು" ಅಂತ ಕೂಗ್ತಿದ್ವು. ಹಗ್ಗ ಕಟ್ಟಿದ್ರು ಅಂದ್ನಲ್ಲ, ಆ ಹುಡುಗ ಚೇತರಿಸ್ಕೊಂಡ ಮೇಲೆ ಆಲೆಮನೆ ಯಜಮಾನರ ಹತ್ರ ಕೆಲಸ ಕೇಳಿದ್ವಿ. "ಅವನ್ನ ಕೊಪ್ಪರಿಗೆ ಹತ್ರ ಬುಟ್ಕೊಂಡು ಏನಾರ ಆದ್ರೆ ನಾ ಏನವ್ವ ಮಾಡ್ಲಿ" ಅಂದ್ರು. ಅವರ ಭಯ ಸುಳ್ಳಲ್ಲ, ಮಾತ್ರೆ ಮಂಪರಲ್ಲಿ ಕುದಿಯೋ ಕಬ್ಬಿನ ಹಾಲಿನ ಹತ್ರ ಯಾರೂ ನಿಲ್ಲಬಾರ್ದು. ಅದಕ್ಕೆ ಗಾಣದ ಆಚೆ ಕಬ್ಬಿನ ಸಿಪ್ಪೆ ಹರಡಿ ಒಣಗಿಸೋ ಕೆಲಸ, ಅದೂ ಬೆಳಿಗ್ಗೆ ಹತ್ತರ ಮೇಲೆ, ಅರ್ಧ ದಿನ ಅಂತ ಮಾತಾಯ್ತು. ಕೂಲಿ ಅವನ ಕೈಗೇ, ಅಪ್ಪನ ಕೈಗಲ್ಲ, ಇದೊಂದು ನನ್ನ ಕಂಡೀಷನ್ನು. ಈಗ ಅವನು ಅಚ್ಚು ಬೆಲ್ಲ ಎಣಿಸಿ ಮೂಟೆ ಕಟ್ತಾನೆ, ಸಾಯಂಕಾಲ ಟೀ ಅಂಗಡಿಲಿ ಕಾಸು ಕೊಟ್ಟು ಬನ್ನು ತಿಂತಾನೆ. ಟೀ ಅಂಗಡಿಯೋನು "ಬೆಲ್ಲ ಹೆಂಗ್ಲಾ ರೇಟು" ಅಂತ ಅವನನ್ನ ಕೇಳ್ತಾನೆ. ಮಕ್ಕಳು ಕೂಗೋದು ಯಾವಾಗ ನಿಂತೋಯ್ತೋ ಗೊತ್ತೇ ಆಗಲಿಲ್ಲ.

ಡೇರಿ ಗೋಡೆಗೂ ಕಟಿಂಗ್ ಶಾಪಿಗೂ 14416 ಅಂತ ಟೆಲಿ ಮನಸ್, ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ನಂಬರ್ ಅಂಟಿಸಿದ್ದೀವಿ. 2022ರಿಂದ ಇದೆ, ಫ್ರೀ, ಯಾವ ಹೊತ್ತಲ್ಲಾದ್ರೂ ಕನ್ನಡದಲ್ಲೇ ಮಾತಾಡ್ತಾರೆ. ಜೀವ ತೆಗೆದುಕೊಳ್ಳೋಕೆ ನೋಡಿದೋರ ಮನೇಲಿ ಪೊಲೀಸ್ ಕೇಸಿನ ಭಯಕ್ಕೆ ಮುಚ್ಚಿಡ್ತಾರೆ, ಅವರಿಗೆ ಹೇಳ್ಬೇಕಾಗಿರೋದು, 2017ರ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಅವರು ತೀವ್ರ ಒತ್ತಡದಲ್ಲಿದ್ರು ಅಂತಲೇ ತಿಳ್ಕೊಂಡು ಚಿಕಿತ್ಸೆ ಕೊಡಬೇಕು, ಶಿಕ್ಷೆ ಅಲ್ಲ.

ಈಗ ತಲೆನೋವಾಗಿರೋದು ಮಂಗಳವಾರದ ಖರ್ಚು. ಹೆಂಗಸರಿಗೆ ಬಸ್ ಫ್ರೀ, ಕರ್ಕೊಂಡು ಹೋಗಬೇಕಾದ ಹುಡುಗನಿಗೆ ಟಿಕೆಟ್ಟು, ಮೇಲೆ ಊಟ, ಅವತ್ತಿನ ಕೂಲಿನೂ ಹೋಯ್ತು. ಪಂಚಾಯ್ತಿಲಿ ವಿಶೇಷಚೇತನರಿಗೆ ಅಂತ ಶೇಕಡ 5 ಅನುದಾನ ಇದೆಯಲ್ಲ, ಅದ್ರಲ್ಲಿ ಕೊಡಿ ಅಂತ ಕೇಳಿದ್ರೆ ಯಾವ ಹೆಡ್‌ನಲ್ಲಿ ತೋರಿಸೋದು ಮೇಡಂ ಅಂತಾರೆ. ಮುಂದಿನ ಗ್ರಾಮಸಭೆಲಿ ಮತ್ತೆ ಕೇಳ್ತೀನಿ. ಬೇರೆ ಪಂಚಾಯ್ತಿಲಿ ಯಾರಾದ್ರೂ ಇದನ್ನ ಮಾಡಿಸಿಕೊಂಡಿದ್ರೆ ಠರಾವಲ್ಲಿ ಏನಂತ ಬರೆಸಿದ್ರಿ ಅಂತ ಹೇಳಿ, ಹಂಗೇ ಬರ್ಕೊಂಡು ಹೋಗಿ ಮುಂದಿಡ್ತೀನಿ.